ಬೆಡಗಿನೊಡನೆ ರಕ್ತವನ್ನೂ ವಿಚಾರಿಸೋಣ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ನಮ್ಮ ಮನೆತನಗಳಲ್ಲಿ ಹೆಣ್ಣು ಕೊಡುವಾಗ ತರುವಾಗ ಬೆಡಗು ಕೇಳುವ ರೂಢಿಯುಂಟು. ಬೆಡಗು ಒಂದೇ ಆದರೆ ಹಿರಿಯರು ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವಾಗ ಬೆಡಗು ಅಡ್ಡಬರುವುದಿಲ್ಲ. ಅದು ತಂದೆಯ ಕಡೆಯಿಂದ ಮಾತ್ರ ಬರುವಂಥದು. ರಕ್ತದ ಗುಣವಾದರೋ ತಾಯಿತಂದೆಗಳಿಬ್ಬರಿಂದಲೂ ಬರುತ್ತದೆ.

ನಮ್ಮ ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ನಿನಲ್ಲಿ ಎರಡು ಆಲ್ಫಾ, ಎರಡು ಬೀಟಾ ಎಂಬ ನಾಲ್ಕು ಎಳೆಗಳಿವೆ. ಬೀಟಾ ಗ್ಲೋಬಿನ್ ಎಂಬ ಪ್ರೋಟೀನು 146 ಅಮೈನೋ ಆಮ್ಲಗಳ ಸರಪಳಿ. ಅದನ್ನು ಹೆಣೆಯುವ ಆದೇಶವು 11ನೆಯ ವರ್ಣತಂತುವಿನ ಒಂದು ವಂಶವಾಹಿಯಲ್ಲಿದೆ. ಈ ವಂಶವಾಹಿಯ ಒಂದು ಪ್ರತಿ ತಾಯಿಯದು, ಇನ್ನೊಂದು ತಂದೆಯದು. ಒಂದು ಕೆಟ್ಟಿದ್ದರೆ ಮನುಷ್ಯನು ಆರೋಗ್ಯವಾಗಿಯೇ ಬಾಳುತ್ತಾನೆ, ಆತನನ್ನು ವಾಹಕನೆನ್ನುವರು. ಎರಡೂ ಕೆಟ್ಟ ಕೂಸಿಗೆ ಥಲಸ್ಸೀಮಿಯಾ.

ಗರ್ಭದಲ್ಲಿರುವಾಗ ಬೇರೊಂದು ಬಗೆಯ ಹಿಮೋಗ್ಲೋಬಿನ್ ಕೂಸನ್ನು ಕಾಯುವುದರಿಂದ ಹುಟ್ಟಿದಾಗ ಏನೂ ತೋರದು. ಆರು ತಿಂಗಳಿನಿಂದ ಎರಡು ವರ್ಷದೊಳಗೆ ಮೈ ಬಿಳಿಚಿಕೊಳ್ಳುತ್ತದೆ, ಹೊಟ್ಟೆ ಊದುತ್ತದೆ. ಅಲ್ಲಿಂದ ಎರಡು-ನಾಲ್ಕು ವಾರಗಳಿಗೊಮ್ಮೆ, ಬದುಕಿರುವವರೆಗೂ, ಪರರ ರಕ್ತವನ್ನು ಏರಿಸಬೇಕು. ಏರಿಸಿದ ರಕ್ತದ ಕಬ್ಬಿಣವು ಹೃದಯ, ಯಕೃತ್ತುಗಳಲ್ಲಿ ತಂಗುತ್ತದೆ. ಅದನ್ನು ಹೊರಹಾಕಲು ಬೇರೆ ಔಷಧ. ಅಸ್ಥಿಮಜ್ಜೆಯ ಕಸಿಯಿಂದ ವಾಸಿಯಾಗುವುದುಂಟು. ಹೊಂದುವ ಮಜ್ಜೆಯೂ ಹಣವೂ ಎಲ್ಲರಿಗೆ ಒದಗುವುದಿಲ್ಲ. ಬಿಳಿಚಿದ ಕೂಸನ್ನು ಕಂಡಾಗ ಬೆಲ್ಲ, ಖರ್ಜೂರ ಕೊಡಿರೆಂದು ನಾವೂ ಬಹುಕಾಲ ಹೇಳುತ್ತಿದ್ದೆವು. ಅದು ನಮ್ಮ ಅಜ್ಞಾನ.

1980ರ ದಶಕದಲ್ಲಿ ಕರ್ನಾಟಕದಲ್ಲಿ ಸುಮಾರು 65 ಸಾವಿರ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಮೂರರಲ್ಲೊಂದು ಕೂಸಿನ ತಾಯಿತಂದೆಗಳು ಬಂಧುಗಳಾಗಿದ್ದರು. ಸೋದರಮಾವನ ಸಂಬಂಧಗಳೇ ಅಧಿಕ. ಲೆಕ್ಕವನ್ನು ನೋಡಿರಿ: ಅಜ್ಜಿಯು ವಾಹಕಳಾಗಿದ್ದರೆ ಆಕೆಯ ಮಗನೂ ಮಗಳ ಮಗಳೂ ಇಬ್ಬರೂ ವಾಹಕರಾಗುವ ಸಂಭವ ಎಂಟರಲ್ಲಿ ಒಂದು. ವಾಹಕರಿಬ್ಬರು ಕೂಡಿದರೆ ಪ್ರತಿ ಬಸಿರಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಮೊದಲ ಕೂಸಿಗೆ ಬಂತು, ಇನ್ನು ಮೂರಕ್ಕೆ ಬಾರದು ಎಂದೆಣಿಸುವುದು ತಪ್ಪು. ಹೊರಗಿನ ಸಂಬಂಧವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಭಾರತದಲ್ಲಿ ನೂರಕ್ಕೆ ಮೂರು-ನಾಲ್ಕು ಜನ ವಾಹಕರಿದ್ದಾರೆ.

ಸೈಪ್ರಸ್ ದ್ವೀಪದಲ್ಲಿ ಈ ರೋಗ ಬಹಳವಿತ್ತು. 1980ರ ದಶಕದಲ್ಲಿ ಅಲ್ಲಿಯ ಚರ್ಚು ವಧೂವರರಿಂದ ರಕ್ತಪರೀಕ್ಷೆಯ ಪ್ರಮಾಣಪತ್ರವನ್ನು ಕೇಳತೊಡಗಿತು. ಪರೀಕ್ಷೆಯಾಗಿದೆ, ತಿಳಿವಳಿಕೆ ಕೊಡಲಾಗಿದೆ ಎಂದಷ್ಟೇ ಅದರಲ್ಲಿರುತ್ತದೆ. ಮದುವೆಯ ನಿರ್ಧಾರ ಅವರದೇ. ಥಲಸ್ಸೀಮಿಯಾ ಕೂಸುಗಳ ಜನನ ಅಲ್ಲಿ ಬಹುಮಟ್ಟಿಗೆ ನಿಂತಿತು. ಧರ್ಮಪೀಠವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ನಮಗೆ ಮೆಚ್ಚಿಗೆಯಾಯಿತು.

ಹಿಮೋಗ್ಲೋಬಿನ್ ಎ2 ಎಂಬುದನ್ನು ಅಳೆಯುವ ರಕ್ತಪರೀಕ್ಷೆಯಿಂದ ವಾಹಕರು ಗೊತ್ತಾಗುತ್ತಾರೆ. ಸಾಮಾನ್ಯವಾಗಿ ಅವರಲ್ಲಿ ಅದು ಶೇ. 3.5ನ್ನು ಮೀರಿರುತ್ತದೆ. ಹೆಣ್ಣಿನ ರಕ್ತವನ್ನಷ್ಟೇ ನೋಡಿ ಗಂಡಿನದನ್ನು ಬಿಡುವುದು ಅನ್ಯಾಯವೂ ಹೌದು, ಮೌಢ್ಯವೂ ಹೌದು. ನಿಶ್ಚಯಕ್ಕೆ ಮೊದಲೇ ಇಬ್ಬರದೂ ಆಗಲಿ. ಈಗಾಗಲೇ ಮದುವೆಯಾಗಿ ಇಬ್ಬರೂ ವಾಹಕರೆಂದು ತಿಳಿದವರು ಎದೆಗುಂದಬೇಕಾಗಿಲ್ಲ. ಬಸಿರಿನ ಹತ್ತು-ಹನ್ನೆರಡನೆಯ ವಾರದಲ್ಲಿ ಕೂಸಿನ ಸ್ಥಿತಿಯನ್ನು ದೊಡ್ಡ ಆಸ್ಪತ್ರೆಗಳಲ್ಲಿ ತಿಳಿಯಬಹುದು. ಅದಕ್ಕಾಗಿ ಬಸಿರು ಖಚಿತವಾದ ಕೂಡಲೇ ವೈದ್ಯರನ್ನು ಕಾಣಬೇಕು, ಐದನೆಯ ತಿಂಗಳಿನವರೆಗೆ ಕಾಯಬಾರದು.