ಪಹಣಿಯ ಸರ್ವರ್‌ನಲ್ಲಿ ಯಾರು ಏನು ತಿದ್ದಬಹುದು?

ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆಯಾಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಆ ಹಣ ಯಾರ ಕೈ ಸೇರಬೇಕೆಂದು ತೀರ್ಮಾನಿಸುವುದು ಪಹಣಿಯಲ್ಲಿರುವ ಹೆಸರು. ಶಿರಾ, ಕೊರಟಗೆರೆಯ ರೈತರಿಗೆ ಬೆಳೆಸಾಲಕ್ಕೂ ಅದೇ ಆಧಾರ. ಖಾತೆ ಬದಲಾವಣೆಯ ಆದೇಶ ತಪ್ಪೆನಿಸಿದರೆ ಮಧುಗಿರಿಯೂ ಸೇರಿ ಈ ನಾಲ್ಕೂ ತಾಲ್ಲೂಕಿನವರು ಮಧುಗಿರಿಯ ಉಪವಿಭಾಗಾಧಿಕಾರಿಯ (ಎಸಿ) ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಆದೇಶವೇ ಇಲ್ಲದೆ ಹೆಸರು ಬದಲಾದರೆ ಯಾವುದರ ಮೇಲೆ ಮೇಲ್ಮನವಿ?

2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ನಿಯಮ ಅಂದೇ ಬಂತು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿಬಿಡಬಹುದು, ಬೆರಳನ್ನು ಕೊಡಲಾಗದು. ಅದು ನಿಜಕ್ಕೂ ದೂರದೃಷ್ಟಿಯ ಕೆಲಸ.

ಆದರೆ ಯಾವುದೇ ವ್ಯವಸ್ಥೆಯಲ್ಲಿ ಬೆರಳಚ್ಚು ಕೇಳುವುದು ಎದುರಿನ ತಂತ್ರಾಂಶ. ಅದರ ಹಿಂದೆ ಡೇಟಾಬೇಸ್, ಅದರ ಕೆಳಗೆ ಸರ್ವರ್. ಪೂರ್ಣ ಅಧಿಕಾರವಿರುವ ಡೇಟಾಬೇಸ್ ನಿರ್ವಾಹಕರು ತಂತ್ರಾಂಶವನ್ನು ಮುಟ್ಟದೆಯೇ ಒಂದು ಆಜ್ಞೆಯಲ್ಲಿ ಸಾಲು ತಿದ್ದಬಲ್ಲರು. ಸರ್ವರ್ ನೋಡಿಕೊಳ್ಳುವವರು ಇಡೀ ಕಡತವನ್ನೇ ನಕಲು ಮಾಡಬಲ್ಲರು. ಅವರು ಪ್ರಾಮಾಣಿಕರೇ ಇರಬಹುದು. ಅವರ ಪಾಸ್‌ವರ್ಡ್ ಕದ್ದವನಿಗೂ ಅಷ್ಟೇ ಶಕ್ತಿ ಬರುತ್ತದೆ.

ಸಾಮಾನ್ಯವಾಗಿ ಹೇಳುವ ಮದ್ದು ಗೂಢಲಿಪೀಕರಣ. ಕೀಲಿ ಬೇರೆಯವರ ಬಳಿ ಇದ್ದರೆ ನಿರ್ವಾಹಕರು ಬ್ಯಾಕಪ್ ತೆಗೆದರೂ ಓದಲಾಗದು. ಆದರೆ ಓಡುತ್ತಿರುವ ಡೇಟಾಬೇಸ್ ಸಾಮಾನ್ಯವಾಗಿ ಕೀಲಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಸರ್ವರಿನ ಒಡೆತನವಿದ್ದವರು ಅಲ್ಲಿಗೂ ತಲುಪಬಲ್ಲರು. ಅದಕ್ಕಿಂತ ಮುಖ್ಯವಾದದ್ದು, ಪಹಣಿ ಗುಟ್ಟಿನ ಕಾಗದವೇ ಅಲ್ಲ. ಸರ್ವೆ ನಂಬರ್ ಗೊತ್ತಿದ್ದ ಯಾರಾದರೂ ನೋಡಬಹುದು. ಇಲ್ಲಿ ತಡೆಯಬೇಕಾದ್ದು ಓದುವುದನ್ನಲ್ಲ, ಸದ್ದಿಲ್ಲದೆ ತಿದ್ದುವುದನ್ನು.

ಅದಕ್ಕೆ ಬೇಕಾದ್ದು ಅಧಿಕಾರದ ವಿಂಗಡಣೆ. ಸರ್ವರ್ ನಡೆಸುವವರಿಗೆ ಪಹಣಿಯ ಕೋಷ್ಟಕ ಮುಟ್ಟುವ ಹಕ್ಕಿರಬಾರದು. ತುರ್ತಿಗೆ ಹಕ್ಕು ಕೊಟ್ಟರೂ ಗಂಟೆಗಳ ಲೆಕ್ಕದಲ್ಲಿ, ಇಬ್ಬರ ಒಪ್ಪಿಗೆಯ ಮೇಲೆ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಪ್ರಕರಣದ ನಂತರ ಅಮೆರಿಕದ ಎನ್‌ಎಸ್‌ಎ ತನ್ನ ನಿರ್ವಾಹಕರಿಗೆ ಇಂಥದೇ ಇಬ್ಬರ ನಿಯಮ ತಂದಿತು. ನಡೆದ ಪ್ರತಿ ಆಜ್ಞೆಯ ದಾಖಲೆಯೂ ಆ ಕ್ಷಣವೇ ಇನ್ನೊಂದು ಯಂತ್ರಕ್ಕೆ, ಅದೇ ನಿರ್ವಾಹಕರ ಕೈಗೆಟುಕದ ಕಡೆಗೆ ಹೋಗಬೇಕು. ಇಲ್ಲದಿದ್ದರೆ ತಿದ್ದಿದವರೇ ಗುರುತನ್ನೂ ಅಳಿಸಿಯಾರು.

ಕಂದಾಯ ಇಲಾಖೆಯ ಹಳೆಯ ಪದ್ಧತಿಯೊಂದು ಇಲ್ಲಿ ನೆರವಿಗೆ ಬರುತ್ತದೆ. ಖಾತೆ ಬದಲಾದರೆ ಅದಕ್ಕೊಂದು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರ್ ಇರುತ್ತದೆ. ಪ್ರತಿ ರಾತ್ರಿ ಆ ಬೇರೆ ಯಂತ್ರ ಅಂದು ಬದಲಾದ ಸಾಲುಗಳನ್ನು ಎಂ.ಆರ್. ನಂಬರುಗಳ ಜೊತೆ ತಾಳೆ ನೋಡಲಿ. ನಂಬರಿಲ್ಲದೆ ಒಂದು ಗುಂಟೆ ಅತ್ತಿತ್ತ ಆಗಿದ್ದರೂ ಬೆಳಿಗ್ಗೆ ತಹಶೀಲ್ದಾರರಿಗೂ ಆ ಜಮೀನಿನ ರೈತರಿಗೂ ಸಂದೇಶ ಹೋಗಲಿ.