ಸ್ವಿಚ್‌ನ ಹೊಟ್ಟೆಯಲ್ಲಿದ್ದ ಗಾಲ್ಫ್

2017ರ ಸೆಪ್ಟೆಂಬರ್. ನಿಂಟೆಂಡೊ ಕಂಪನಿಯ ‘ಸ್ವಿಚ್’ ಎಂಬ ಗೇಮ್ ಯಂತ್ರ ಅಂಗಡಿಗೆ ಬಂದು ಆರು ತಿಂಗಳಾಗಿತ್ತು. ಬೀಗ ಹಾಕಿದ ಪೆಟ್ಟಿಗೆ ಕಂಡರೆ ಸುಮ್ಮನಿರಲಾಗದ ಜನ ಎಲ್ಲ ಕಾಲದಲ್ಲೂ ಇದ್ದಾರೆ. ಸ್ವಿಚ್‌ನೊಳಗಿನ ಬ್ರೌಸರ್‌ನಲ್ಲಿ ಹಳೆಯದೊಂದು ದೋಷ ಉಳಿದುಬಿಟ್ಟಿದೆ ಎಂಬುದನ್ನು ಅವರು ಮಾರ್ಚ್ ತಿಂಗಳಲ್ಲೇ ಪತ್ತೆಹಚ್ಚಿದ್ದರು. ಆ ಸಂದಿಯಿಂದ ಶುರುಮಾಡಿ ಪದರ ಪದರವಾಗಿ ಬಿಚ್ಚುತ್ತ, ಯಂತ್ರದ ತಂತ್ರಾಂಶದಲ್ಲಿ ಏನೇನಿದೆ ಎಂದು ಪಟ್ಟಿ ಮಾಡುತ್ತಿದ್ದರು. ನೀರಸ ಕೆಲಸ. ಇದು ಹೋಮ್ ಪರದೆ ತೋರಿಸುವುದು, ಇದು ಕೀಲಿಮಣೆ, ಇದು ವೈ-ಫೈ ನೋಡಿಕೊಳ್ಳುವುದು. ಅವುಗಳ ನಡುವೆ ಯಾವ ಕೆಲಸಕ್ಕೂ ಹೊಂದದ ಒಂದು ಹೆಸರು ಕಣ್ಣಿಗೆ ಬಿತ್ತು. ಎಫ್, ಎಲ್, ಓ, ಜಿ. ನಾಲ್ಕೇ ಅಕ್ಷರ. ಹಿಂದಿನಿಂದ ಓದಿದರೆ ಗಾಲ್ಫ್.

ತೆರೆದು ನೋಡಿದರೆ ಅದೊಂದು ಎಮ್ಯುಲೇಟರ್. ಅಂದರೆ ಹೊಸ ಯಂತ್ರದೊಳಗೆ ಕೂತು ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶ. ಇದು ನಟಿಸುತ್ತಿದ್ದದ್ದು 1983ರಲ್ಲಿ ಜಪಾನಿನಲ್ಲಿ ಹೊರಬಂದ ಫ್ಯಾಮಿಕಾಮ್‌ನಂತೆ. ಅಮೆರಿಕ, ಯುರೋಪಿನವರು ಅದನ್ನು ಎನ್‌ಇಎಸ್ ಎಂದು ಬಲ್ಲರು. ಒಳಗೆ ಇದ್ದದ್ದು ಒಂದೇ ಆಟ, 1984ರ ‘ಗಾಲ್ಫ್’. ಯಾವ ಮೆನುವಿನಲ್ಲೂ ಅದರ ಸುಳಿವಿಲ್ಲ, ಜಾಹೀರಾತಿನಲ್ಲಿಲ್ಲ. ಆ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಜಗತ್ತಿನಾದ್ಯಂತ ಮಾರಾಟವಾಗಿದ್ದ ಸ್ವಿಚ್‌ಗಳು 76 ಲಕ್ಷ. ಅಷ್ಟೂ ಮನೆಗಳಿಗೆ ಈ ಆಟ ಕೇಳದೆಯೇ ಹೋಗಿ ಕೂತಿತ್ತು.

ನಿಂಟೆಂಡೊದವರು ಗುಟ್ಟಾಗಿ ಒಂದು ಆಟ ಇಡುವುದಾದರೆ ಮಾರಿಯೋ ಇಡಬಹುದಿತ್ತು, ಝೆಲ್ಡಾ ಇಡಬಹುದಿತ್ತು. ಈ ಬಡಪಾಯಿ ಗಾಲ್ಫ್ ಯಾಕೆ?

ಆಟ ಬರೆದವರು ಯಾರು ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಸಟೋರು ಇವಾಟಾ. 1959ರಲ್ಲಿ ಜಪಾನಿನ ಉತ್ತರದ ಸಪ್ಪೊರೊದಲ್ಲಿ ಹುಟ್ಟಿದವರು. ಹೈಸ್ಕೂಲಿನಲ್ಲಿದ್ದಾಗಲೇ ಎಚ್‌ಪಿ-65 ಎಂಬ, ಪ್ರೋಗ್ರಾಂ ಬರೆಯಬಹುದಾದ ಕ್ಯಾಲ್ಕುಲೇಟರ್‌ನಲ್ಲಿ ಬೇಸ್‌ಬಾಲ್ ಆಟ ಮಾಡಿದ್ದರು. ಚಿತ್ರವಿಲ್ಲ, ಬರೀ ಅಂಕಿಗಳು. ಅದನ್ನು ಗೆಳೆಯರು ಆಡಿ ಖುಷಿಪಟ್ಟದ್ದು ಕಂಡು ತಮಗೆ ಹೆಮ್ಮೆಯಾಯಿತು ಎಂದು ದೊಡ್ಡ ಹುದ್ದೆಗೆ ಏರಿದ ಮೇಲೂ ಹೇಳಿಕೊಂಡಿದ್ದರು. ಟೋಕಿಯೋದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಲೇ ಹ್ಯಾಲ್ ಲ್ಯಾಬೊರೇಟರಿ ಎಂಬ ಪುಟ್ಟ ಕಂಪನಿಯಲ್ಲಿ ಕೆಲಸ ಮಾಡಿದರು, ಓದು ಮುಗಿದ ಮೇಲೆ ಅಲ್ಲೇ ಸೇರಿಬಿಟ್ಟರು. ತಂದೆ ಮುರೊರಾನ್ ನಗರದ ಮೇಯರ್. ಮಗ ಹೆಸರೇ ಕೇಳದ ಕಂಪನಿ ಸೇರಿದನೆಂದು ಆರು ತಿಂಗಳು ಮಾತು ಬಿಟ್ಟಿದ್ದರಂತೆ.

ಇವಾಟಾ ಅವರ ಬಳಿ ಮೊದಲೇ ಕಮೊಡೋರ್ ಪೆಟ್ ಎಂಬ ಕಂಪ್ಯೂಟರ್ ಇತ್ತು. ಅದರ ಮಿದುಳು 6502 ಎಂಬ ಚಿಪ್. ಫ್ಯಾಮಿಕಾಮ್ ಬಂದಾಗ ನೋಡಿದರೆ ಅದರ ಚಿಪ್ ಕೂಡ ಅದೇ ವಂಶದ್ದು. ನಿಂಟೆಂಡೊದ ಬಾಗಿಲು ತಟ್ಟಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಆ ದಿನಗಳಲ್ಲಿ ನಿಂಟೆಂಡೊ ಒಂದು ಗಾಲ್ಫ್ ಆಟ ಮಾಡಿಸಲು ಓಡಾಡುತ್ತಿತ್ತು. ಕೇಳಿದ ಕಂಪನಿಗಳೆಲ್ಲ ಆಗದು ಎಂದು ಕೈಯಾಡಿಸಿದ್ದವು. ಹದಿನೆಂಟು ಕುಳಿಗಳ ಮೈದಾನ ಆ ಕಾಲದ ಕಾರ್ಟ್ರಿಡ್ಜ್‌ನಲ್ಲಿ ಹಿಡಿಸುವುದಿಲ್ಲ ಎಂಬುದು ಅವರ ತಕರಾರು.

ತಕರಾರು ಸುಳ್ಳಲ್ಲ. ಫ್ಯಾಮಿಕಾಮ್‌ನ ಪರದೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಬಿಲ್ಲೆಗಳಿಂದ ಆದದ್ದು. ಅಡ್ಡಕ್ಕೆ 32, ಉದ್ದಕ್ಕೆ 30, ಒಟ್ಟು 960 ಬಿಲ್ಲೆ. ಯಾವ ಜಾಗದಲ್ಲಿ ಯಾವ ಬಿಲ್ಲೆ ಎಂದು ಬರೆಯಲು ಒಂದಕ್ಕೊಂದು ಬೈಟ್, ಬಣ್ಣದ ಲೆಕ್ಕಕ್ಕೆ ಇನ್ನೊಂದು 64. ಅಲ್ಲಿಗೆ ಒಂದು ಪರದೆಗೆ ಒಂದು ಕಿಲೋಬೈಟ್. ಹದಿನೆಂಟು ಕುಳಿಗೆ ಹದಿನೆಂಟು ಪರದೆ ಎಂದು ಹಾಗೆ ಹಾಗೇ ಇಟ್ಟುಕೊಂಡರೆ 18 ಕಿಲೋಬೈಟ್ ಆಯಿತು. ಆದರೆ ‘ಗಾಲ್ಫ್’ ಕಾರ್ಟ್ರಿಡ್ಜ್‌ನಲ್ಲಿ ಚಿತ್ರದ ಬಿಲ್ಲೆಗಳಿಗೆಂದು 8 ಕಿಲೋಬೈಟ್ ಬೇರೆ ತೆಗೆದಿಟ್ಟರೆ ಮಿಕ್ಕೆಲ್ಲಕ್ಕೂ ಇದ್ದದ್ದು 16. ಚೆಂಡಿನ ಹಾರಾಟ, ಗಾಳಿಯ ದಿಕ್ಕು, ಅಂಕ, ಸದ್ದು, ಇಬ್ಬರು ಆಡುವ ವ್ಯವಸ್ಥೆ, ಎಲ್ಲಕ್ಕೂ ಅಷ್ಟೇ. ಅದರ ಮೇಲೆ ಕುಳಿ ಹತ್ತಿರವಾದಾಗ ಹುಲ್ಲಿನ ಹಾಸನ್ನು ದೊಡ್ಡದಾಗಿ ತೋರಿಸುವ ಚಿತ್ರ ಪ್ರತಿಯೊಂದಕ್ಕೂ ಬೇರೆ.

ಇವಾಟಾ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಮೈದಾನದ ಮಾಹಿತಿಯನ್ನು ಹಿಂಡಿ ಚಿಕ್ಕದು ಮಾಡುವ ಉಪಾಯವನ್ನು ತಾವೇ ಹೊಸೆದರು. ಹದಿನೆಂಟೂ ಕುಳಿಗಳು ಹಿಡಿಸಿದವು.

ಆಟದ ಇನ್ನೊಂದು ಗುಣ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪರದೆಯ ಒಂದು ಬದಿಗೆ ಮೀಸೆಯ ಗಾಲ್ಫ್ ಆಟಗಾರ, ಇನ್ನೊಂದು ಬದಿಗೆ ಮೇಲಿನಿಂದ ನೋಡಿದ ಮೈದಾನ, ಕೆಳಗೊಂದು ಪಟ್ಟಿ. ಗುಂಡಿ ಒತ್ತಿದರೆ ಪಟ್ಟಿಯ ಮೇಲೆ ಗುರುತು ಜಾರತೊಡಗುತ್ತದೆ. ಇನ್ನೊಮ್ಮೆ ಒತ್ತಿದಲ್ಲಿ ಹೊಡೆತದ ಬಲ ನಿಗದಿ. ಗುರುತು ತಿರುಗಿ ಬರುವಾಗ ಮೂರನೆಯ ಸಲ ಸರಿಯಾದ ಗೆರೆಯ ಮೇಲೆ ಒತ್ತಬೇಕು. ಕೊಂಚ ಮುಂಚೆಯಾದರೂ ತಡವಾದರೂ ಚೆಂಡು ಪಕ್ಕಕ್ಕೆ ಓಡುತ್ತದೆ. ಮೂರು ಒತ್ತು, ಅಷ್ಟೇ ಆಟ. ಆಮೇಲೆ ಬಂದ ಗಾಲ್ಫ್ ಗೇಮ್‌ಗಳಲ್ಲಿ ಈ ಪಟ್ಟಿ ಎಷ್ಟರಲ್ಲಿದೆ ಎಂದು ಎಣಿಸಹೊರಟರೆ ದಣಿಯುತ್ತೇವೆ. ತೋಳಿನ ಬೀಸನ್ನು ಹೆಬ್ಬೆರಳ ಲಯಕ್ಕೆ ಇಳಿಸಿದ್ದು ಚಿಕ್ಕ ಸಾಧನೆಯೇನಲ್ಲ. ಜಪಾನಿನಲ್ಲಿ ಇದರ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ತೊಂಬತ್ತರ ದಶಕದಲ್ಲಿ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ‘ಟಿವಿ ಗೇಮ್’ ಆಡಿ ಬೆಳೆದವರಲ್ಲೂ ಕೆಲವರಿಗೆ ಆ ಮೀಸೆಯವನ ಪರಿಚಯ ಇರಬಹುದು. ನೂರಾರು ಆಟಗಳೆಂದು ಚೀಟಿ ಅಂಟಿಸಿಕೊಂಡು ಬರುತ್ತಿದ್ದ ನಕಲಿ ಕ್ಯಾಸೆಟ್‌ಗಳನ್ನು ತುಂಬಿಸಲು ಇಂಥ ಹಳೆಯ, ಚಿಕ್ಕ ಗಾತ್ರದ ಆಟಗಳೇ ಬಳಕೆಯಾಗುತ್ತಿದ್ದವು. ಗಾಲ್ಫ್ ಮೈದಾನ ಕಣ್ಣಲ್ಲಿ ಕಾಣದ ಮಕ್ಕಳು ಏನಿದು ಎಂದು ಬಟನ್ ಅದುಮಿ ಮುಂದಿನ ಆಟಕ್ಕೆ ಹೋಗಿರುತ್ತಾರೆ.

ಮುಂದಿನ ಕತೆ ಬೇಗ ಹೇಳಬಹುದು. ಸಾಲದಲ್ಲಿ ಮುಳುಗಿದ್ದ ಹ್ಯಾಲ್‌ಗೆ 1993ರಲ್ಲಿ ಇವಾಟಾ ಅಧ್ಯಕ್ಷರಾಗಿ ಅದನ್ನು ದಡ ಸೇರಿಸಿದರು. 2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದರು. 2011ರಿಂದ ಹೊಸ ಆಟಗಳ ಸುದ್ದಿಯನ್ನು ಪತ್ರಕರ್ತರ ಮೂಲಕ ಕಳಿಸುವುದು ಬಿಟ್ಟು, ತಾವೇ ಕ್ಯಾಮೆರಾ ಮುಂದೆ ನಿಂತು ‘ನಿಂಟೆಂಡೊ ಡೈರೆಕ್ಟ್’ ಎಂಬ ವಿಡಿಯೋಗಳಲ್ಲಿ ಹೇಳತೊಡಗಿದರು. ‘ನೇರವಾಗಿ ನಿಮಗೇ’ ಎನ್ನುವಾಗ ಎರಡೂ ಕೈಗಳನ್ನು ಎದುರಿಗೆ ಚಾಚಿ, ಏನನ್ನೋ ನಮ್ಮ ಮುಂದೆ ಇಡುತ್ತಿರುವಂತೆ ಮಾಡುತ್ತಿದ್ದರು. ಕೋಟು ತೊಟ್ಟ ಕಂಪನಿ ಮುಖ್ಯಸ್ಥರೊಬ್ಬರ ಈ ಸನ್ನೆ ಅಭಿಮಾನಿಗಳಲ್ಲಿ ಮನೆಮಾತಾಯಿತು. 2015ರ ಜುಲೈ 11ರಂದು, 55ನೆಯ ವಯಸ್ಸಿನಲ್ಲಿ, ಪಿತ್ತನಾಳದ ಗೆಡ್ಡೆಯಿಂದ ಅವರು ತೀರಿಕೊಂಡರು. ಸ್ವಿಚ್‌ನ ಕೆಲಸ ಶುರುವಾದದ್ದು ಅವರ ಕಾಲದಲ್ಲೇ. ಅದು ಹೊರಬಂದದ್ದನ್ನು ಅವರು ನೋಡಲಿಲ್ಲ.

ಮತ್ತೆ 2017ಕ್ಕೆ. ಆಟ ಇದೆ ಎಂದು ಗೊತ್ತಾಯಿತು, ಅದು ಯಾವ ಆಟ ಎಂದೂ ಗೊತ್ತಾಯಿತು. ಸಾಮಾನ್ಯ ಮನುಷ್ಯ ಅದನ್ನು ತೆರೆಯುವುದು ಹೇಗೆ? ಕೋಡ್ ಓದಿದವರಿಗೆ ಎರಡು ಶರತ್ತು ಕಂಡವು. ಮೊದಲನೆಯದು, ಯಂತ್ರದ ದಿನಾಂಕ ಜುಲೈ 11 ಆಗಿರಬೇಕು. ಎರಡನೆಯದು, ಜಾಯ್-ಕಾನ್ ಎಂಬ ಆ ಎರಡು ಚಿಕ್ಕ ಕಂಟ್ರೋಲರ್‌ಗಳನ್ನು ಬಿಡಿಸಿ ಕೈಯಲ್ಲಿ ಹಿಡಿದು ಒಂದು ನಿರ್ದಿಷ್ಟ ರೀತಿಯಲ್ಲಿ ಆಡಿಸಬೇಕು. ಜಾಯ್-ಕಾನ್‌ನೊಳಗಿನ ಸೆನ್ಸರ್‌ಗಳು ಯಾವ ಭಂಗಿಗೆ ಕಾಯುತ್ತಿದ್ದವು ಎಂದು ಬಿಡಿಸಿ ನೋಡಿದಾಗ ಇವಾಟಾ ಅವರ ಆ ಸನ್ನೆಯೇ ಹೊರಬಂತು.

ಜನ ತಮ್ಮ ಯಂತ್ರ ತೆಗೆದು ದಿನಾಂಕ ಬದಲಿಸಿ ಕೈಯಾಡಿಸಿದರು. ಬಹುತೇಕರಿಗೆ ಏನೂ ಆಗಲಿಲ್ಲ. ಸ್ವಿಚ್ ಒಮ್ಮೆ ಇಂಟರ್‌ನೆಟ್‌ಗೆ ಸೇರಿತೆಂದರೆ ಅದರೊಳಗೆ ಸರ್ವರ್ ಕೊಟ್ಟ ಸಮಯ ಬೇರೆಯಾಗಿ ಕೂತುಬಿಡುತ್ತದೆ. ಪರದೆಯ ಮೇಲೆ ನಾವು ಯಾವ ದಿನಾಂಕ ಬರೆದರೂ ಒಳಗಿನ ಗಡಿಯಾರ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಪೆಟ್ಟಿಗೆಯಿಂದ ತೆಗೆದ ಮೇಲೆ ಒಂದು ಸಲವೂ ನೆಟ್‌ಗೆ ಸೇರಿಸದ ಯಂತ್ರ ಇದ್ದವರಿಗೆ ಮಾತ್ರ ಬಾಗಿಲು ತೆರೆಯಿತು. ಅವರು ಹಾಕಿದ ವಿಡಿಯೋಗಳಲ್ಲಿ ಹಸಿರು ಮೈದಾನ ಕಂಡಿತು, ಮೀಸೆಯವನು ಕಂಡ. ಹಳೆಯ ಆಟವನ್ನು ಹಾಗೆಯೇ ತಂದು ಸುರಿದಿರಲಿಲ್ಲ. ಜಾಯ್-ಕಾನನ್ನೇ ಗಾಲ್ಫ್ ಕೋಲಿನಂತೆ ಬೀಸಿ ಆಡುವ ಅನುಕೂಲವನ್ನೂ ಸೇರಿಸಿದ್ದರು. ಯಾರೂ ಆಡದಿರಬಹುದಾದ ಆಟಕ್ಕೆ ಇಷ್ಟು ಕೆಲಸ ಮಾಡಿದ ಎಂಜಿನಿಯರ್‌ಗಳ ಮೇಲೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ನಿಂಟೆಂಡೊದ ಕ್ರೀಡಾ ಆಟಗಳಿಗೆ ಗುಟ್ಟು ಬಚ್ಚಿಡುವ ಚಾಳಿ ಹಳೆಯದು. 1987ರ ‘ಮೈಕ್ ಟೈಸನ್ಸ್ ಪಂಚ್-ಔಟ್’ ಎಂಬ ಬಾಕ್ಸಿಂಗ್ ಆಟದಲ್ಲಿ ಬಾಲ್ಡ್ ಬುಲ್ ಎಂಬ ದಾಂಡಿಗ ನುಗ್ಗಿ ಬರುತ್ತಾನೆ; ಸರಿಯಾದ ಕ್ಷಣಕ್ಕೆ ಹೊಡೆದರೆ ಒಂದೇ ಗುದ್ದಿಗೆ ಬೀಳುತ್ತಾನೆ. ಆ ಕ್ಷಣಕ್ಕೆ ಪ್ರೇಕ್ಷಕರ ನಡುವೆ ಕ್ಯಾಮೆರಾದ ಬೆಳಕೊಂದು ಮಿನುಗುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದು 2009ರಲ್ಲಿ. ಅದನ್ನು ಬಾಯಿಬಿಡಿಸಿದ್ದು ಒಂದು ಸಂದರ್ಶನ, ಸಂದರ್ಶಕರು ಸ್ವತಃ ಇವಾಟಾ. ಅಧ್ಯಕ್ಷರಾಗಿದ್ದುಕೊಂಡೇ ತಮ್ಮ ಕಂಪನಿಯ ತಂತ್ರಜ್ಞರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಸರಣಿಯೊಂದನ್ನು ಅವರು ನಡೆಸುತ್ತಿದ್ದರು. ಸರಿ, ಅಲ್ಲಿಗೆ ಮುಗಿಯಿತು ಎಂದುಕೊಂಡರೆ, 2016ರಲ್ಲಿ ಆಟಗಾರರೊಬ್ಬರು ಮುಂದಿನ ಸಾಲಿನ ಗಡ್ಡದವನೊಬ್ಬನನ್ನು ತೋರಿಸಿದರು. ಹೊಡೆಯಬೇಕಾದ ಕ್ಷಣಕ್ಕೆ ಸರಿಯಾಗಿ ಅವನು ತಲೆಯಾಡಿಸುತ್ತಾನೆ. ಇಪ್ಪತ್ತೊಂಬತ್ತು ವರ್ಷ ಎಲ್ಲರ ಕಣ್ಣೆದುರೇ ಆಡಿಸುತ್ತಿದ್ದ. 1994ರ ‘ಸೂಪರ್ ಪಂಚ್-ಔಟ್’ನಲ್ಲಿ ಇಬ್ಬರು ಎದುರಾಳಿಗಳಾಗಿ ಆಡುವ ವಿಧಾನವೇ ಅಡಗಿತ್ತು. ಎರಡನೆಯ ಕಂಟ್ರೋಲರ್‌ನಲ್ಲಿ ಕೆಲವು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ ಎಂದು ಲೋಕಕ್ಕೆ ಗೊತ್ತಾದದ್ದು 2022ರಲ್ಲಿ.

ಈ ಗುಟ್ಟುಗಳಿಗೂ ಗಾಲ್ಫ್‌ಗೂ ಒಂದು ವ್ಯತ್ಯಾಸ ಇದೆ. ಗಡ್ಡದವನನ್ನು ಆಡುತ್ತ ಆಡುತ್ತ ಯಾರಾದರೂ ಕಾಣಬಹುದಿತ್ತು, ಕಂಡರು. ಗಾಲ್ಫ್ ಸಿಕ್ಕಿದ್ದು ತಲೆಕೆಳಗಾದ ಕ್ರಮದಲ್ಲಿ. ಮೊದಲು ಹೆಸರು, ಆಮೇಲೆ ಆಟ, ಕೊನೆಗೆ ಕೀಲಿ. ಇವಾಟಾ ತೀರಿಕೊಂಡ ದಿನ ಯಾರಾದರೂ ಅಭಿಮಾನಿ ಸ್ವಿಚ್ ಎದುರು ಕೂತು ಅವರ ಸನ್ನೆ ಮಾಡುತ್ತಾರೆ ಎಂದು ನಿಂಟೆಂಡೊದವರು ನಿರೀಕ್ಷಿಸಿದ್ದರೇ? ನನಗೆ ನಂಬಿಕೆ ಇಲ್ಲ. ಜಪಾನಿನ ಕೆಲವು ಅಭಿಮಾನಿಗಳು ಇದನ್ನು ಒಮಾಮೊರಿ ಎಂದರು. ದೇವಾಲಯಗಳಲ್ಲಿ ಕೊಡುವ, ಬಟ್ಟೆಯ ಪುಟ್ಟ ಚೀಲದೊಳಗಿನ ರಕ್ಷೆ ಅದು. ನಮ್ಮ ತಾಯಿತದಂತೆ ಅದನ್ನೂ ಬಿಚ್ಚಿ ನೋಡಬಾರದು, ನೋಡಿದರೆ ಶಕ್ತಿ ಹೋಗುತ್ತದೆ ಎಂಬ ನಂಬಿಕೆ. ಇದಕ್ಕಿಂತ ಒಪ್ಪುವ ವಿವರಣೆ ನನಗೆ ಸಿಕ್ಕಿಲ್ಲ. ಆಡಲೆಂದು ಇಟ್ಟದ್ದಲ್ಲ, ಪ್ರತಿ ಯಂತ್ರದ ಜೊತೆ ಇರಲಿ ಎಂದು ಇಟ್ಟದ್ದು. ಹಾಗೆ ನೋಡಿದರೆ ಬಿಚ್ಚಿದವರು ತಪ್ಪು ಮಾಡಿದರು ಎನ್ನಬೇಕು. ಆದರೆ ಬಿಚ್ಚದೇ ಇದ್ದಿದ್ದರೆ ಅದು ಇತ್ತು ಎಂದೇ ನಮಗೆ ತಿಳಿಯುತ್ತಿರಲಿಲ್ಲ. ನಾನಂತೂ ಬಿಚ್ಚಿದವರ ಪಕ್ಷ.

ರಕ್ಷೆ ಹೆಚ್ಚು ದಿನ ಉಳಿಯಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಬಂದ 4.0.0 ಅಪ್‌ಡೇಟ್ ಆ ತುಂಡನ್ನು ಪೊಳ್ಳು ಮಾಡಿಹಾಕಿತ್ತು. ಅದು ಸುದ್ದಿಯಾದದ್ದು ಡಿಸೆಂಬರ್‌ನಲ್ಲಿ. ಬೀಗ ಒಡೆಯುವವರ ಕಣ್ಣು ಬಿದ್ದ ಮೇಲೆ ಪ್ರತಿ ಯಂತ್ರದಲ್ಲೂ ಒಂದು ಹೆಚ್ಚುವರಿ ಎಮ್ಯುಲೇಟರ್ ಇಟ್ಟುಕೊಳ್ಳುವುದು ಅಪಾಯ ಎನಿಸಿರಬೇಕು ಎಂಬುದು ನನ್ನ ಊಹೆ. ಲೆಕ್ಕ ಹಾಕಿದರೆ, ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ ಬಂದದ್ದು ಒಂದೇ ಒಂದು ಜುಲೈ 11. ಅಂದು ಮಂಗಳವಾರ. ಗಡಿಯಾರಕ್ಕೆ ಮೋಸ ಮಾಡದೆ, ಸರಿಯಾದ ದಿನದಂದು ಈ ಬಾಗಿಲು ತೆರೆಯಲು ಎಲ್ಲ ಯಂತ್ರಗಳಿಗೂ ಸಿಕ್ಕಿದ್ದ ಅವಕಾಶ ಆ ಒಂದು ದಿನದ್ದು. ಪತ್ತೆಯಾಗಲು ಆಗಿನ್ನೂ ಎರಡು ತಿಂಗಳಿತ್ತು.

ಮೊದಲ ಕಂತಿನ ಸ್ವಿಚ್ ಒಂದು ಪೆಟ್ಟಿಗೆ ಒಡೆಯದೆ ಎಲ್ಲಾದರೂ ಉಳಿದಿದ್ದರೆ ಈಗಲೂ ಆಡಬಹುದು. ಶುರುವಿನಲ್ಲಿ ವೈ-ಫೈ ಕೇಳುತ್ತದೆ, ಬೇಡ ಎನ್ನಬೇಕು. ಸೆಟ್ಟಿಂಗ್ಸ್‌ನಲ್ಲಿ ಜುಲೈ 11 ಎಂದು ದಿನಾಂಕ ಹಾಕಿ ಹೋಮ್ ಪರದೆಗೆ ಬರಬೇಕು. ಜಾಯ್-ಕಾನ್‌ಗಳನ್ನು ಎರಡೂ ಕಡೆಯಿಂದ ಜಾರಿಸಿ ತೆಗೆದು, ಒಂದೊಂದು ಕೈಯಲ್ಲಿ ಹಿಡಿದು, ಇವಾಟಾ ಅವರಂತೆ ಎದುರಿಗೆ ಚಾಚಬೇಕು. ಹೊಸ ಆಟದ ಕಾರ್ಟ್ರಿಡ್ಜ್ ಮಾತ್ರ ಅದಕ್ಕೆ ಹಾಕಬೇಡಿ. ನೆಟ್ ಇಲ್ಲದಿದ್ದರೂ ಕಾರ್ಟ್ರಿಡ್ಜ್‌ನಿಂದಲೇ ಅಪ್‌ಡೇಟ್ ಆಗಿಬಿಡಬಹುದು.