ಕಡಲ ಜೀವಿಗಳ ಗಾಯ: ದೋಣಿಯಲ್ಲೇ ಆರಂಭವಾಗಬೇಕಾದ ಚಿಕಿತ್ಸೆ

ಕರಾವಳಿಯ ಬೋಟ್ ಮಾಲೀಕರ ಲೆಕ್ಕಪತ್ರದಲ್ಲಿ ಡೀಸೆಲ್, ಮಂಜುಗಡ್ಡೆ, ಬಲೆ, ಎಂಜಿನ್ ದುರಸ್ತಿ, ವಿಮೆ ಎಲ್ಲಕ್ಕೂ ಒಂದೊಂದು ಬಾಬ್ತು ಇರುತ್ತದೆ. ಬಲೆಯೊಡನೆ ಮೇಲೇರಿ ಬರುವ ವಿಷಜೀವಿಗಳ ಗಾಯಕ್ಕೆ ಮಾತ್ರ ಅಲ್ಲಿ ಸ್ಥಾನ ವಿರಳ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರಗಳಿಂದ ಹೊರಡುವ ಆಳಸಮುದ್ರದ ದೋಣಿಗಳು ಹಲವು ದಿನ ದಡಕ್ಕೆ ಮರಳುವುದಿಲ್ಲ. ಅಲ್ಲಿ ಕಲಾಸಿಯೊಬ್ಬನ ಕಾಲಿಗೆ ತೊರಕೆಯ ಮುಳ್ಳು ನಾಟಿದರೆ ಮೊದಲು ನೆರವಾಗಬೇಕಾದವನು ವೈದ್ಯನಲ್ಲ, ಪಕ್ಕದಲ್ಲಿ ಮೀನು ವಿಂಗಡಿಸುತ್ತಿರುವ ಸಹಕಾರ್ಮಿಕ. ಅವನಿಗೆ ತರಬೇತಿ ದೊರೆತಿದೆಯೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಬಿಸಿನೀರೇ ಮೊದಲ ಮದ್ದು

ತೊರಕೆಯ ವಿಷದಲ್ಲಿರುವ ಪ್ರೋಟೀನುಗಳು ಶಾಖಕ್ಕೆ ಶಕ್ತಿಗುಂದುತ್ತವೆ. ಗಾಯಗೊಂಡ ಕೈ ಅಥವಾ ಕಾಲನ್ನು 45 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿಟ್ಟರೆ ನೋವು ಬಹುಮಟ್ಟಿಗೆ ಶಮನವಾಗುತ್ತದೆ. ನೀರಿನ ಬಿಸಿಯನ್ನು ನೆರವಾಗುವವನು ಮೊದಲು ತನ್ನ ಕೈಯಿಂದ ಪರೀಕ್ಷಿಸಬೇಕು. ಮೀಸೆಮೀನಿನ ಚುಚ್ಚುಗಾಯಕ್ಕೂ ಇದೇ ಕ್ರಮ. ದೋಣಿಯ ಅಡುಗೆ ಒಲೆಯೇ ಇದಕ್ಕೆ ಸಾಕು. ಆದರೆ ಎದೆ, ಹೊಟ್ಟೆ ಅಥವಾ ಕುತ್ತಿಗೆಗೆ ನಾಟಿದ ಮುಳ್ಳನ್ನು ಕೀಳಲೇಬಾರದು. ಆಸ್ಟ್ರೇಲಿಯದ ವನ್ಯಜೀವಿ ನಿರೂಪಕ ಸ್ಟೀವ್ ಇರ್ವಿನ್ 2006ರಲ್ಲಿ ಮೃತಪಟ್ಟಿದ್ದು ತೊರಕೆಯ ಮುಳ್ಳು ಎದೆಗೆ ಇರಿದುದರಿಂದಲೇ.

ನೋವಿಲ್ಲದ ಕಡಿತ

ಕಡಲ ಹಾವಿನ ಕಡಿತ ಅನೇಕ ವೇಳೆ ನೋವನ್ನೇ ಉಂಟುಮಾಡುವುದಿಲ್ಲ. ಆದ್ದರಿಂದಲೇ ಅದು ನಿರ್ಲಕ್ಷ್ಯಕ್ಕೆ ಒಳಗಾಗುತ್ತದೆ. ಕೆಲವು ಗಂಟೆಗಳಲ್ಲಿ ಸ್ನಾಯುನೋವು, ಜೋಲುವ ರೆಪ್ಪೆ, ಕಪ್ಪುಛಾಯೆಯ ಮೂತ್ರ, ಕೊನೆಗೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು. ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ನೆಲದ ಹಾವುಗಳ ವಿಷಕ್ಕಾಗಿ ತಯಾರಾದದ್ದು. ಕಡಲ ಹಾವು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಪ್ರಥಮ ಚಿಕಿತ್ಸೆಯ ಮಹತ್ವ ಇಮ್ಮಡಿಯಾಗುತ್ತದೆ. ಕಡಿದ ಅಂಗವಿಡೀ ಎಲಾಸ್ಟಿಕ್ ಪಟ್ಟಿ ಸುತ್ತಿ, ದಬ್ಬೆ ಕಟ್ಟಿ, ರೋಗಿಯನ್ನು ಅಲುಗಾಡದಂತೆ ಮಲಗಿಸಬೇಕು. ಕೊಯ್ಯುವುದು, ರಕ್ತ ಹೀರುವುದು, ಹುರಿಯಿಂದ ಬಿಗಿಯುವುದು ಅಪಾಯಕಾರಿ. ಉಸಿರು ನಿಂತರೆ ಕೃತಕ ಉಸಿರಾಟ ನೀಡಬೇಕು. ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಚಕ್ರಕೋಣೆಯ ಗೋಡೆಯ ಮೇಲಿರಬೇಕು.

ಪ್ರವಾಸೋದ್ಯಮಕ್ಕೂ ಪಾಠ

ನೇತ್ರಾಣಿಯಲ್ಲಿ ಮುಳುಗುಕ್ರೀಡೆ ನಡೆಸುವವರಿಗೂ ಕಡಲತೀರದ ರೆಸಾರ್ಟುಗಳಿಗೂ ಈ ವಿಷಯ ಅನ್ವಯಿಸುತ್ತದೆ. 2020ರ ನವೆಂಬರ್‌ನಲ್ಲಿ ನೆರೆಯ ಗೋವಾದ ತೀರಗಳಲ್ಲಿ ಎರಡೇ ದಿನಗಳಲ್ಲಿ 90ಕ್ಕೂ ಹೆಚ್ಚು ಮಂದಿ ಜೆಲ್ಲಿ ಮೀನಿನ ಕುಟುಕಿಗೆ ಚಿಕಿತ್ಸೆ ಪಡೆದರು. ಇಂಥ ಸಂದರ್ಭದಲ್ಲಿ ಮರಳಿನಿಂದ ಉಜ್ಜಬಾರದು. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಬೇಕು. ಪೆಟ್ಟಿಗೆಯಾಕಾರದ ಜೆಲ್ಲಿ ಮೀನಿಗೆ ವಿನೆಗರ್ ಉಪಯುಕ್ತ. ಬ್ಲೂಬಾಟಲ್ ಎಂಬ ನೀಲಿ ಜೀವಿಯ ಕುಟುಕಿಗೆ ಆಸ್ಟ್ರೇಲಿಯದ ಮಾರ್ಗಸೂಚಿ ವಿನೆಗರ್ ಬದಲು ಬಿಸಿನೀರನ್ನು ಸೂಚಿಸುತ್ತದೆ. ಈ ವ್ಯತ್ಯಾಸ ತಿಳಿಯಲೆಂದೇ ತರಬೇತಿ ಬೇಕು.

ನಿಷೇಧದ ಅವಧಿಯೇ ಸಕಾಲ

ಕಾರ್ಖಾನೆಗಳಲ್ಲಿ ಪ್ರತಿ 150 ಕಾರ್ಮಿಕರಿಗೆ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆಯೂ ಅದರ ಹೊಣೆಗೆ ತರಬೇತಾದ ವ್ಯಕ್ತಿಯೂ ಇರಬೇಕೆಂದು 1948ರ ಕಾಯ್ದೆಯೇ ವಿಧಿಸಿತ್ತು. ಆಸ್ಪತ್ರೆಯಿಂದ ಇನ್ನಷ್ಟು ದೂರವಿರುವ ದೋಣಿಗೆ ಅದಕ್ಕಿಂತ ಕಡಿಮೆ ಸಿದ್ಧತೆ ಸಾಲದು. ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ದಡದಲ್ಲೇ ಇರುತ್ತವೆ. ಊರಿಗೆ ಹೋದ ಕಲಾಸಿಗಳು ಮರಳಿ ಬಲೆ ಸರಿಪಡಿಸುವ ಜುಲೈ ಕೊನೆಯ ವಾರದಲ್ಲಿ ಒಂದು ದಿನವನ್ನು ತರಬೇತಿಗೆ ಮೀಸಲಿಟ್ಟರೆ ದುಡಿಮೆಗೆ ನಷ್ಟವಿಲ್ಲ. ಹೊರರಾಜ್ಯದ ಕಾರ್ಮಿಕರೂ ಇರುವುದರಿಂದ ಚಿತ್ರಫಲಕಗಳ ಬಳಕೆ ಸೂಕ್ತ. ಪ್ರತಿ ದೋಣಿಯಿಂದ ತಾಂಡೇಲ ಹಾಗೂ ಇನ್ನೊಬ್ಬನಾದರೂ ಕಲಿಯಬೇಕು, ಏಕೆಂದರೆ ಗಾಯಗೊಳ್ಳುವವನು ತಾಂಡೇಲನೇ ಆಗಿರಬಹುದು. ತಾಪಮಾಪಕ, ಎಲಾಸ್ಟಿಕ್ ಪಟ್ಟಿ, ದಬ್ಬೆ, ಚಿಮಟ, ಕೈಗವಸುಗಳ ಪೆಟ್ಟಿಗೆಗೆ ತಗಲುವ ವೆಚ್ಚ ಒಂದು ಯಾನದ ಡೀಸೆಲ್ ವೆಚ್ಚದ ಮುಂದೆ ಅತ್ಯಲ್ಪ. ಆಗಸ್ಟ್‌ನಲ್ಲಿ ದೋಣಿ ಕಡಲಿಗಿಳಿಯುವ ಮುನ್ನ ಮಾಲೀಕರು ಈ ಬಾಬ್ತನ್ನೂ ಲೆಕ್ಕಕ್ಕೆ ಸೇರಿಸುವುದು ಉಚಿತ.